ಮೇಜಿನ ಹತ್ತಿರ ಸೀನಬೇಡಿ

ಷಿಕಾಗೋದ ಆ ಮನೆಯಲ್ಲಿ ಮಕ್ಕಳಿಗೆ ಒಂದು ಕಟ್ಟಪ್ಪಣೆ ಇತ್ತು: ಊಟದ ಮೇಜಿನ ಹತ್ತಿರ ಯಾರೂ ಸೀನಕೂಡದು. ತಟ್ಟೆ ಲೋಟ ತೆಗೆದಿಟ್ಟ ಮೇಲೆ ಆ ಮೇಜಿನ ತುಂಬ ಫೋಟೋದಿಂದ ಕತ್ತರಿಸಿದ ಚೂರುಗಳು ಹರಡಿರುತ್ತಿದ್ದವು. ಒಂದೊಂದು ಚೂರೂ ಒಂದೊಂದು ವರ್ಣತಂತುವಿನ, ಅಂದರೆ ಕ್ರೋಮೋಸೋಮಿನ, ಚಿತ್ರ. ಅಮ್ಮ ಜಾನೆಟ್ ರೌಲಿ ಕತ್ತರಿ ಹಿಡಿದು ಕೂತರೆ, ಕಾಗದದ ಬೊಂಬೆ ಆಡುವುದಕ್ಕೂ ನಿನಗೆ ಸಂಬಳ ಕೊಡುತ್ತಾರಲ್ಲ ಎಂದು ಹುಡುಗರು ರೇಗಿಸುತ್ತಿದ್ದರಂತೆ. ನಾಲ್ಕೂ ಗಂಡುಮಕ್ಕಳು.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮಮ್ಮ ಮೊರ ಹಿಡಿದು ಹಜಾರದಲ್ಲಿ ಕೂರುತ್ತಿದ್ದದ್ದು ನೆನಪಾಗುತ್ತದೆ. ನನ್ನ ಕಣ್ಣಿಗೆ ಮೊರದ ತುಂಬ ಬರೀ ಅಕ್ಕಿ. ಅಮ್ಮನ ಬೆರಳು ಮಾತ್ರ ನೆಟ್ಟಗೆ ಹೋಗಿ ಹರಳನ್ನೇ ಹಿಡಿಯುತ್ತಿತ್ತು. ‘ಹೇಗಮ್ಮ ಗೊತ್ತಾಗುತ್ತೆ?’ ಅಂದರೆ, ‘ನೋಡ್ತಾ ನೋಡ್ತಾ ತಾನೇ ಕಾಣುತ್ತೆ ಕಣೋ’ ಅನ್ನುತ್ತಿದ್ದಳು. ರೌಲಿಯವರ ಸಂಶೋಧನೆಯೂ ಹಾಗೆ ನೋಡ್ತಾ ನೋಡ್ತಾ ಕಂಡದ್ದು.

ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕಿನಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಯ 65 ಸೀಟಿನಲ್ಲಿ ಹೆಣ್ಣುಮಕ್ಕಳಿಗೆ ಆಗ ಮೂರೇ ಸೀಟು. ಅದು ಭರ್ತಿಯಾಗಿದ್ದರಿಂದ ಒಂಬತ್ತು ತಿಂಗಳು ಕಾಯಬೇಕಾಯಿತು. 1948ರಲ್ಲಿ ಡಾಕ್ಟರಾದರು, ಮಾರನೆಯ ದಿನವೇ ಮದುವೆ. ಆಮೇಲೆ ಎಷ್ಟೋ ವರ್ಷ ವಾರಕ್ಕೆ ಮೂರು ದಿನದ ಕೆಲಸ, ಉಳಿದದ್ದು ಮಕ್ಕಳಿಗೆ. ಕೆಲಸ ಮಾಡುತ್ತಿದ್ದದ್ದು ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕ್ಲಿನಿಕ್ಕಿನಲ್ಲಿ. ಆ ಮಕ್ಕಳಲ್ಲಿ 21ನೇ ವರ್ಣತಂತು ಒಂದು ಹೆಚ್ಚಿಗೆ ಇರುತ್ತದೆ ಎಂದು 1959ರಲ್ಲಿ ಪ್ಯಾರಿಸ್ಸಿನಿಂದ ಸುದ್ದಿ ಬಂತು. ರೌಲಿಯವರ ಕುತೂಹಲ ವರ್ಣತಂತುಗಳ ಕಡೆ ತಿರುಗಿದ್ದು ಹೀಗೆ.

1961ರಲ್ಲಿ ಗಂಡನ ಜೊತೆ ಒಂದು ವರ್ಷ ಆಕ್ಸ್‌ಫರ್ಡಿಗೆ ಹೋದಾಗ ವರ್ಣತಂತುಗಳನ್ನು ಓದುವುದು ಕಲಿತರು. ವಾಪಸು ಬಂದು ಲಿಯಾನ್ ಜೇಕಬ್ಸನ್ ಎಂಬ ಹಿರಿಯ ವೈದ್ಯರ ಬಳಿ ಹೋಗಿ ಕೇಳಿದ್ದು ಇಷ್ಟು: ಒಂದು ಮೈಕ್ರೋಸ್ಕೋಪು, ಫೋಟೋ ತೊಳೆಯಲು ಕತ್ತಲೆಕೋಣೆ, ಮತ್ತೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವಷ್ಟು ಸಂಬಳ. ಮೈಕ್ರೋಸ್ಕೋಪು ಬೇಕೆಂದು ಯಾರು ಬೇಕಾದರೂ ಕೇಳಿಯಾರು. ಮಗು ನೋಡಿಕೊಳ್ಳುವವರ ಸಂಬಳವೂ ವಿಜ್ಞಾನದ ಖರ್ಚೇ ಎಂದು ಆ ಕಾಲದಲ್ಲಿ ಬಾಯಿಬಿಟ್ಟು ಕೇಳಿದರಲ್ಲ, ಆ ಧೈರ್ಯಕ್ಕೆ ನಾನು ಮಾರುಹೋಗಿದ್ದೇನೆ. ಜೇಕಬ್ಸನ್ ಒಪ್ಪಿಕೊಂಡರು, ಅವರಿಗೂ ಒಂದು ನಮಸ್ಕಾರ.

ಇನ್ನು ಮೇಜಿನ ವಿಷಯಕ್ಕೆ ಬರೋಣ. ಸಿ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್ ಇರುವವರಲ್ಲಿ ಒಂದು ವರ್ಣತಂತು ತೀರ ಮೋಟಾಗಿರುತ್ತದೆ ಎಂದು ಫಿಲಡೆಲ್ಫಿಯಾದ ಇಬ್ಬರು 1960ರಲ್ಲೇ ಕಂಡಿದ್ದರು. ಅದಕ್ಕೆ ಆ ಊರಿನ ಹೆಸರೇ ನಿಂತಿತು. ತುಂಡಾದ ಭಾಗ ಎಲ್ಲಿ ಹೋಯಿತು? ಕಳೆದೇಹೋಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. 1970ರ ಹೊತ್ತಿಗೆ ವರ್ಣತಂತುಗಳಿಗೆ ಬಣ್ಣ ಹಿಡಿಸಿ, ಸೀರೆಯ ಪಟ್ಟೆಯಂತೆ ಅಡ್ಡಗೆರೆ ಮೂಡಿಸುವ ವಿಧಾನ ಬಂತು. ರೌಲಿ ಮತ್ತೆ ಆಕ್ಸ್‌ಫರ್ಡಿಗೆ ಹೋದಾಗ ಅದನ್ನೂ ಕಲಿತು ಬಂದರು. 46 ಚೂರುಗಳನ್ನು ಪಟ್ಟೆಗೆ ಪಟ್ಟೆ ಹೊಂದಿಸಿ ಜೋಡಿ ಮಾಡುತ್ತ ಕೂತರು.

1972ರಲ್ಲಿ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 8 ಮತ್ತು 21ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದು ಕಂಡಿತು. ಆಮೇಲೆ ಸಿ.ಎಂ.ಎಲ್. ಚಿತ್ರಗಳು. 22ನೆಯದು ಮೋಟು, ಸರಿ. 9ನೆಯದರ ತುದಿಯಲ್ಲಿ ಒಂದಿಷ್ಟು ಮಾಸಲು ಭಾಗ ಹೆಚ್ಚಿಗೆ ಇದೆಯಲ್ಲ! ಇಲ್ಲಿ ಹೋದಷ್ಟೇ ಅಲ್ಲಿ ಬಂದಿದೆ. ಒಬ್ಬ ರೋಗಿಯಲ್ಲಿ ಮಾತ್ರವಲ್ಲ, ಇನ್ನೊಬ್ಬರಲ್ಲೂ, ಮತ್ತೊಬ್ಬರಲ್ಲೂ. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ವರ್ಣತಂತು ಕೆಡುವುದು ಕ್ಯಾನ್ಸರಿನ ಪರಿಣಾಮವೇ ಹೊರತು ಕಾರಣವಲ್ಲ ಎನ್ನುವವರೇ ಆಗ ಹೆಚ್ಚು. ಅವರಿಗೆ ಉತ್ತರ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ. 9ನೆಯದರ ಎಬಿಎಲ್ ಎಂಬ ಜೀನು 22ನೆಯದರ ಬಿಸಿಆರ್ ಜೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನು ರಕ್ತಕಣಗಳಿಗೆ ‘ಒಡೆ, ಇಬ್ಬರಾಗು’ ಎಂದು ಬಿಡುವಿಲ್ಲದೆ ಹೇಳುತ್ತಲೇ ಇರುತ್ತದೆ. ಆ ಪ್ರೋಟೀನಿನ ಬಾಯಿ ಕಟ್ಟುವ ಇಮಾಟಿನಿಬ್ ಎಂಬ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಅದರ ಪೇಟೆಂಟಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರ ಏಪ್ರಿಲ್‌ನಲ್ಲಿ ಅದನ್ನು ತಯಾರಿಸಿದ ಕಂಪನಿಗೆ ಪೇಟೆಂಟ್ ಇಲ್ಲ ಎಂದು ತೀರ್ಪಾಯಿತು. ಅಗ್ಗದ ಮಾತ್ರೆ ಉಳಿಯಿತು. ಅದೇ ವರ್ಷ ಡಿಸೆಂಬರಿನಲ್ಲಿ, 88ನೇ ವಯಸ್ಸಿನಲ್ಲಿ, ರೌಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು.

ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪ ದಿನಾ ರಾತ್ರಿ ಊಟ ಮುಗಿಸಿ ಆ ಮಾತ್ರೆ ನುಂಗುತ್ತಾರೆ. ತುಂಬಿದ ಲೋಟ ನೀರು ಕುಡಿಯಲೇಬೇಕು. ಚಿಕ್ಕಮ್ಮ ಎದುರಿಗೆ ನಿಂತು ಲೋಟ ಬರಿದಾಗುವವರೆಗೆ ನೋಡುತ್ತಾಳೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ರಿಪೋರ್ಟು ಬಂದ ದಿನ ಅದನ್ನು ಊಟದ ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು, ಬಿಸಿಆರ್-ಎಬಿಎಲ್ ಎಂದು ಬರೆದ ಸಾಲನ್ನು ಬೆರಳಿಟ್ಟು ಹುಡುಕುತ್ತಾರೆ.