ಫಾರ್ಮ್ಯಾಟ್ ಹೊಡೆಯೋದು ಕಡೀಕ

ಮೇ ತಿಂಗಳ ಕೊನೆಯ ವಾರ. ಬೆಳಗಿನ ಹತ್ತಕ್ಕೇ ಕೊಟ್ಟೂರಿನ ಡಾಂಬರು ಕಾದಿದೆ. ಬಸ್ ನಿಲ್ದಾಣದಿಂದ ಕೊಟ್ಟೂರೇಶ್ವರ ಗುಡಿಯ ಕಡೆ ನಡೆದು, ಮಿರ್ಚಿ ಬಾಣಲೆಯ ಘಾಟು ದಾಟಿ ಗಲ್ಲಿಯೊಂದಕ್ಕೆ ಹೊರಳುತ್ತೀರಿ. ಒಂದೇ ಶಟರಿನ ಅಂಗಡಿ. ಒಳಗೆ ಕಾಲಿಡಲು ಜಾಗ ಹುಡುಕಬೇಕು. ಗೋಡೆಯುದ್ದಕ್ಕೂ ಬಗಲು ಬಿಚ್ಚಿದ ಸಿಪಿಯುಗಳು, ಒಂದೊಂದರ ಮೇಲೂ ಟೇಪು ಹಚ್ಚಿದ ಚೀಟಿ: ‘ಕೂಡ್ಲಿಗಿ, ಡಿಸ್ಪ್ಲೇ ಇಲ್ಲ’, ‘ಹ.ಬೊ.ಹಳ್ಳಿ, ಸೈಟ್ ಓಪನ್ ಆಗಲ್ಲ’, ‘ಹರಪನಹಳ್ಳಿ, ತಾನಾಗೇ ಆಫ್’. ಹಳೆಯದೊಂದರ ಮೇಲೆ ‘ಬಳ್ಳಾರಿ ಜಿಲ್ಲೆ’ ಎಂಬ ಸ್ಟಿಕ್ಕರ್ ಇನ್ನೂ ಉಳಿದಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಸುದ್ದಿ ಆ ಡಬ್ಬಿಗೆ ಮುಟ್ಟಿಲ್ಲ.

ಇದು ಮದುವೆ ಸೀಜನ್ನು, ಶಾಲೆ ಅಡ್ಮಿಷನ್ನು, ಮೊದಲ ಗುಡುಗು-ಮಳೆ ಮೂರೂ ಒಟ್ಟಿಗೆ ಬರುವ ಕಾಲ. ಮೂರರಿಂದಲೂ ಈ ಅಂಗಡಿಗೆ ಕೆಲಸ ಬರುತ್ತದೆ. ಮೂಲೆಯ ಸ್ಟೂಲು ಎಳೆದುಕೊಂಡು ಕೂತುಬಿಡಿ.

ಕೂಡ್ಲಿಗಿ ಸೀಮೆಯ ಹಳ್ಳಿಯ ಹಿರಿಯರೊಬ್ಬರು ಚೀಟಿ ಅಂಟಿಸಿದ ತಮ್ಮ ಸಿಪಿಯು ಪಕ್ಕದಲ್ಲೇ ನಿಂತಿದ್ದಾರೆ. ಅದನ್ನು ಸುತ್ತಿ ತಂದ ಟವೆಲ್ಲು ಹೆಗಲಿಗೇರಿದೆ.

“ಲೈಟ್ ಹತ್ತತೈತಿ, ಫ್ಯಾನ್ ತಿರಗತೈತಿ, ಡಿಸ್ಪ್ಲೇ ಬರವಲ್ದು ನೋಡ್ರಿ. ವೈರಸ್ ಬಂದೈತಿ ಅಂದ ನಮ್ಮ ಮೊಮ್ಮಗ. ಫಾರ್ಮ್ಯಾಟ್ ಹೊಡೆದು ಕೊಟ್ಟುಬಿಡ್ರಿ.”

“ಯಜಮಾನ್ರೆ, ವೈರಸ್ ಆಟ ಆಡಬೇಕಂದ್ರ ಮೊದಲು ವಿಂಡೋಸ್ ಏಳಬೇಕಲ್ರಿ. ಇದು ಅಲ್ಲೀತನಕ ಹೋಗೇ ಇಲ್ಲ. ಫಾರ್ಮ್ಯಾಟ್ ಹೊಡೆಯೋದು ಕಡೀಕ,” ಎನ್ನುತ್ತ ಅಂಗಡಿಯಾತ ಮದರ್‌ಬೋರ್ಡಿಗೆ ಬೆರಳುಗಾತ್ರದ ಸ್ಪೀಕರ್ ಸಿಗಿಸಿ ಪವರ್ ಒತ್ತುತ್ತಾನೆ. ಉದ್ದನೆಯ ಬೀಪ್. ತುಸು ಬಿಟ್ಟು ಇನ್ನೊಂದು. ಮತ್ತೊಂದು.

ಪವರ್ ಒತ್ತಿದ ಕೂಡಲೇ ಬೋರ್ಡಿನಲ್ಲಿರುವ ಬಯಾಸ್ ಪ್ರೊಸೆಸರ್, ರ್‍ಯಾಮ್, ಡಿಸ್ಪ್ಲೇ ಎಲ್ಲ ಸರಿಯಿವೆಯೇ ಎಂದು ನೋಡುತ್ತದೆ. ರ್‍ಯಾಮ್ ಸಿಗದಿದ್ದರೆ ಪರದೆಯ ಮೇಲೆ ಏನನ್ನೂ ತೋರಿಸಲಾರದು. ಆಗ ಅದಕ್ಕಿರುವುದು ಕೂಗು ಒಂದೇ. ಎಷ್ಟು ಬೀಪಿಗೆ ಏನರ್ಥ ಎಂಬುದು ಬಯಾಸ್ ಮಾಡಿದವರ ಮೇಲೆ ಬದಲಾಗುತ್ತದೆ. ಈ ಬೋರ್ಡಿನಲ್ಲಿ ಬಿಟ್ಟುಬಿಟ್ಟು ಬರುವ ಉದ್ದನೆಯ ಕೂಗು ರ್‍ಯಾಮಿನದು.

ಆತ ವೈರು ಕೀಳುತ್ತಾನೆ. ವೈರು ಕಿತ್ತ ಮೇಲೂ ಪವರ್ ಬಟನ್ನನ್ನು ಒಮ್ಮೆ ಒತ್ತಿ ಹಿಡಿಯುತ್ತಾನೆ, ಒಳಗೆ ಉಳಿದ ಕರೆಂಟು ಇಳಿಯಲೆಂದು. ಕ್ಯಾಬಿನೆಟ್ಟಿನ ಬರಿಯ ತಗಡು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಎರಡೂ ತುದಿಯ ಕ್ಲಿಪ್ಪು ಹಿಂದಕ್ಕೆ ತಳ್ಳಿ ರ್‍ಯಾಮ್ ಎತ್ತುತ್ತಾನೆ. ಬಗ್ಗಿ ನೋಡಿ. ಪಟ್ಟಿಯ ಅಂಚಿನಲ್ಲಿ ಸಾಲಾಗಿ ಬಂಗಾರದ ಬಣ್ಣದ ಗೆರೆಗಳು, ಅವುಗಳ ಮೇಲೆ ಮಸುಕು. ಸ್ಲಾಟಿನ ತೋಡಿನಲ್ಲಿ ಕೂಡ್ಲಿಗಿಯ ಕೆಮ್ಮಣ್ಣು ಗೆರೆ ಎಳೆದಂತೆ ಕೂತಿದೆ. ಶಾಲಾ ಮಕ್ಕಳ ಬಿಳಿ ರಬ್ಬರಿನಿಂದ ಗೆರೆಗಳನ್ನು ಒಂದೇ ದಿಕ್ಕಿಗೆ ಮೆಲ್ಲಗೆ ತಿಕ್ಕುತ್ತಾನೆ. ರಬ್ಬರ್ ಕಪ್ಪಗಾಗುತ್ತದೆ, ಗೆರೆ ಹೊಳೆಯುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ಪಟ್ಟಿಯನ್ನು ದೂರ ಹಿಡಿದು ಕೊಡವುತ್ತಾನೆ. ಸ್ಲಾಟಿಗೆ ಬ್ರಷ್ಷು, ಆಮೇಲೆ ಬ್ಲೋವರ್. ಬ್ಲೋವರ್ ಹಿಡಿದಾಗ ಪ್ರೊಸೆಸರ್ ಫ್ಯಾನಿಗೆ ಬೆರಳು ಅಡ್ಡ ಕೊಡುತ್ತಾನೆ. ಗಾಳಿಗೆ ವಿಪರೀತ ತಿರುಗಿದರೆ ಫ್ಯಾನೇ ಕೆಡುತ್ತದೆ. ಕೊನೆಗೆ ರ್‍ಯಾಮನ್ನು ಎರಡೂ ಹೆಬ್ಬೆರಳಿನಿಂದ ಒತ್ತುತ್ತಾನೆ. ಈ ಕಡೆ ಟಕ್, ಆ ಕಡೆ ಟಕ್.

ಈಗ ಒಂದೇ ಗಿಡ್ಡ ಬೀಪ್, ಪರದೆಯ ಮೇಲೆ ವಿಂಡೋಸ್.

“ರಬ್ಬರ್ ತಿಕ್ಕಿದ್ದಕ್ಕ ಇನ್ನೂರಾ?” ಹಿರಿಯರು ನಗುತ್ತಲೇ ಕೇಳುತ್ತಾರೆ.

“ಫಾರ್ಮ್ಯಾಟ್ ಹೊಡೆದಿದ್ರ ಐನೂರು ತಗೋತಿದ್ದೆ. ಮೊಮ್ಮಗನ ಫೋಟೋನೂ ಹೋಗ್ತಿದ್ವು, ಡಿಸ್ಪ್ಲೇನೂ ಬರ್ತಿರಲಿಲ್ಲ.”

ಅವರು ಹೊರಡುವಷ್ಟರಲ್ಲಿ ಬೈಕೊಂದು ಗಕ್ಕನೆ ನಿಲ್ಲುತ್ತದೆ. ಮಲ್ಲಿಗೆಯ ಊರು ಹಡಗಲಿಯಿಂದ ಸ್ಟುಡಿಯೋದವರು. ಶರ್ಟಿನ ಜೇಬಿನಿಂದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತೆಗೆಯುವ ಕೈ ಸಣ್ಣಗೆ ನಡುಗುತ್ತಿದೆ. ಮೇಜಿನಿಂದ ಬಿತ್ತಂತೆ. ಒಂದು ಟಿಬಿ, ತುಂಬ ಈ ಸೀಜನ್ನಿನ ಮದುವೆಗಳು. ಸಿಗಿಸಿದರೆ ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತಿದೆ.

“ಹೂಂ ಅಂತ ಒತ್ತಿದ್ರೇನು?”

“ಇಲ್ಲಣ್ಣ. ಹಂಗ ಕಿತ್ತುಕೊಂಡು ಬಂದೆ.”

“ಬದುಕಿದ್ರಿ.”

ಆತ ಡಿಸ್ಕನ್ನು ಕಂಪ್ಯೂಟರಿಗೆ ಸಿಗಿಸಿ ಕಿವಿಯ ಬಳಿ ಹಿಡಿಯುತ್ತಾನೆ, ಆಮೇಲೆ ನಿಮಗೂ ಕೊಡುತ್ತಾನೆ. ಒಳಗೆ ತಟ್ಟೆ ತಿರುಗುವ ಸಣ್ಣ ಝೇಂಕಾರ. ನಡುವೆ ಎಲ್ಲೋ ಒಮ್ಮೆ ತಡವರಿಸಿ ಮತ್ತೆ ಮುಂದುವರಿಯುತ್ತದೆ. “ಟಕ್ ಟಕ್ ಅಂತ ಒಂದೇ ಸಮ ಬಡಕೊಂಡಿದ್ರ ನಾನು ಮುಟ್ತಿರಲಿಲ್ಲ. ಬೆಂಗಳೂರಿನ ಲ್ಯಾಬಿಗೆ ಕಳಸ್ರಿ ಅಂತಿದ್ದೆ.” ಓದುವ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಆ ಸಂದಿಗೆ ಧೂಳಿನ ಕಣವೂ ಬಂಡೆಯೇ. ಅದಕ್ಕೇ ಹಾರ್ಡ್‌ಡಿಸ್ಕಿನ ಮುಚ್ಚಳವನ್ನು ಯಾವ ಅಂಗಡಿಯಲ್ಲೂ ಬಿಚ್ಚಬಾರದು.

ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ತೆರೆದರೆ ಹಳದಿ ಎಚ್ಚರಿಕೆ. ಓದಲು ಬಾರದೆ ಬಾಕಿ ಉಳಿದ ಸೆಕ್ಟರುಗಳಿವೆ. “ಚೆಕ್‌ಡಿಸ್ಕ್ ಹಾಕಿ ನೋಡಣ್ಣ,” ಎಂದು ಸಹಾಯಕ ಹುಡುಗ ಸೂಚಿಸುತ್ತಾನೆ. ಅಂಗಡಿಯಾತ ಬೇಡವೆಂದು ತಲೆಯಾಡಿಸುತ್ತಾನೆ. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ದುರಸ್ತಿ ಆಜ್ಞೆ ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯತೊಡಗುತ್ತದೆ, ಕೆಟ್ಟ ಜಾಗವನ್ನೇ ಮತ್ತೆ ಮತ್ತೆ ಉಜ್ಜುತ್ತದೆ. ಮೊದಲು ನಕಲು, ಆಮೇಲೆ ಔಷಧಿ. ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹಚ್ಚುತ್ತಾನೆ. ಅದು ಸರಿಯಿರುವ ಭಾಗವನ್ನೆಲ್ಲ ಮೊದಲು ಹೊಸ ಡಿಸ್ಕಿಗೆ ಇಳಿಸಿಕೊಳ್ಳುತ್ತದೆ. ಹಟ ಮಾಡುವ ಜಾಗ ಬಂದರೆ ಹಾರಿ ಹೋಗಿ, ಕೊನೆಗೆ ತಿರುಗಿ ಬಂದು ಯತ್ನಿಸುತ್ತದೆ. ಪರದೆಯ ಮೇಲೆ ಅಂಕಿಗಳು ಓಡತೊಡಗುತ್ತವೆ. “ಸಂಜೀ ಮಟ ಆಗತೈತಿ. ಉಂಡು ಬರ್ರಿ.”

ಹಗರಿಬೊಮ್ಮನಹಳ್ಳಿಯ ಚೀಟಿಯ ಸರದಿ. ಆನ್‌ಲೈನ್ ಅರ್ಜಿ ಹಾಕುವ ಸೆಂಟರಿನ ಕಂಪ್ಯೂಟರ್ ಇದು. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅಲ್ಲಿ ಪಾಳಿ ನಿಂತಿದೆ. ಯಾವ ಸರ್ಕಾರಿ ಸೈಟು ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಕೆಂಪು ಎಚ್ಚರಿಕೆ. ಕಂಪ್ಯೂಟರ್ ತಂದ ಹುಡುಗಿಗೆ ಇದು ವೈರಸ್ಸೇ ಎಂಬ ಖಾತ್ರಿ.

“ಬಲಗಡೆ ಕೆಳಗ ತಾರೀಕು ಓದಮ್ಮಾ.”

“ಒಂದು... ಜನವರಿ... 2012. ಅಯ್ಯ!”

ಪ್ರತಿ ಸುರಕ್ಷಿತ ಸೈಟಿನ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರ್ ತಾನು 2012ರಲ್ಲಿದ್ದೇನೆ ಎಂದುಕೊಂಡರೆ ಇಂದಿನ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ. ಬೋರ್ಡಿನ ಮೇಲಿನ ನಾಣ್ಯಗಾತ್ರದ ಸೆಲ್ಲು ಸಿಆರ್2032, ಹೊಸದಿದ್ದಾಗ 3 ವೋಲ್ಟ್. ಮಲ್ಟಿಮೀಟರಿನ ಮುಳ್ಳು ತಾಗಿಸಿದರೆ ಎರಡು ವೋಲ್ಟನ್ನೂ ಮುಟ್ಟುತ್ತಿಲ್ಲ. ಕರೆಂಟು ಹೋದಾಗಲೆಲ್ಲ ಗಡಿಯಾರ ಮರೆತದ್ದು ಈ ಸೆಲ್ಲಿನಿಂದ. ಸೆಲ್ಲು ಬದಲಿಸಿ ತಾರೀಕು ಹಾಕಿದರೆ ಸೈಟು ತೆರೆಯುತ್ತದೆ.

ಆದರೆ ಮೂಲೆಯಲ್ಲಿ ಇನ್ನೊಂದು ಕಿಟಕಿ ಪುಟಿಯುತ್ತದೆ: ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್!’ ಅದೂ ವೈರಸ್ಸಲ್ಲ. ಯಾವುದೋ ಸಿನಿಮಾ ಸೈಟು ‘ಅಲೋ ಒತ್ತಿ’ ಎಂದಾಗ ಒತ್ತಿದ ಫಲ, ಬ್ರೌಸರಿನ ನೋಟಿಫಿಕೇಷನ್. ಸೆಟ್ಟಿಂಗ್ಸಿಗೆ ಹೋಗಿ ಆ ಸೈಟಿನ ಅನುಮತಿ ತೆಗೆದರೆ ಮುಗಿಯಿತು. ಭಯಬಿದ್ದು ಅದರ ಮೇಲೆ ಒತ್ತಿ, ಅದು ಕೊಟ್ಟ ‘ಕ್ಲೀನರ್’ ಇಳಿಸಿಕೊಂಡಿದ್ದರೆ ಆಗ ನಿಜವಾದ ಪೀಡೆ ಒಳಬರುತ್ತಿತ್ತು.

ಪಟ್ಟನೆ ಕರೆಂಟು ಹೋಗುತ್ತದೆ. ಯುಪಿಎಸ್ಸುಗಳು ಕುಂಯ್‌ಗುಟ್ಟುತ್ತವೆ. ಹುಡುಗ ಓಡಿಹೋಗಿ ಹಡಗಲಿ ಡಿಸ್ಕಿನ ಯುಪಿಎಸ್ ನೋಡಿ ಬರುತ್ತಾನೆ. ನಕಲು ನಡೆದಿದೆ. ಕರೆಂಟು ತಿರುಗಿ ಬಂದಾಗ ಮೊದಲ ಕ್ಷಣ ಟ್ಯೂಬ್‌ಲೈಟ್ ಉರಿದು, ಕುಂದಿ, ಮತ್ತೆ ಉರಿಯುತ್ತದೆ. ಹರಪನಹಳ್ಳಿಯ ಸಿಪಿಯುವನ್ನು ಹಾಳುಮಾಡಿದ್ದು ಇಂಥ ಏರಿಳಿತವೇ ಇರಬೇಕೆಂದು ಅಂಗಡಿಯಾತನ ಗುಮಾನಿ. ಆದರೂ ಎಸ್‌ಎಂಪಿಎಸ್ ಎಂಬ ಪವರ್ ಡಬ್ಬಿಯ ಮೇಲೆ ತಪ್ಪು ಹೊರಿಸುವ ಮುನ್ನ ಖರ್ಚಿಲ್ಲದ್ದನ್ನು ನೋಡುತ್ತಾನೆ. ಬಗಲು ಬಿಚ್ಚಿದರೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಮೆಕ್ಕೆಜೋಳದ ಒಕ್ಕಣೆಯ ಹೊಟ್ಟು ಹೆಪ್ಪುಗಟ್ಟಿದೆ. ಅದರಡಿಯ ಥರ್ಮಲ್ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಾಗಿದೆ. ಬಿಸಿ ಮೀರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಹಳೆಯ ಪೇಸ್ಟು ಒರೆಸಿ, ಕಡಲೆಕಾಳಿನಷ್ಟು ಹೊಸದು ಹಚ್ಚಿ ಕೂರಿಸುತ್ತಾನೆ.

ಆಮೇಲೂ ಮೀಟರ್ ಹಿಡಿಯುತ್ತಾನೆ. 12 ವೋಲ್ಟಿನ ಹಳದಿ ತಂತಿಯಲ್ಲಿ 10.9. ನೂರಕ್ಕೆ ಐದರಷ್ಟು ಏರುಪೇರಿಗೆ ಮಾಫಿ ಇದೆ, ಎಂದರೆ 11.4ರ ತನಕ. ಇದು ಅದಕ್ಕೂ ಕೆಳಗೆ. ಕಾಯಿಲೆ ಎರಡಿದ್ದವು. “ಎಸ್‌ಎಂಪಿಎಸ್ ಬದ್ಲಿ ಮಾಡೋಣು. ಬಿಚ್ಚಿ ರಿಪೇರಿ ಮಾಡಾಕ ನಾನಂತೂ ಒಪ್ಪಂಗಿಲ್ಲ,” ಎಂದು ಫೋನಿನಲ್ಲಿ ಹರಪನಹಳ್ಳಿಗೆ ತಿಳಿಸುತ್ತಾನೆ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಹೊಡೆತ ಕೊಡುವಷ್ಟು ಕರೆಂಟು ಹಿಡಿದಿಟ್ಟಿರುತ್ತದೆ.

ಮಧ್ಯಾಹ್ನ ಮೂರು. ಊರಿನ ಡಿಟಿಪಿ ಅಂಗಡಿಯವರು ಪೆನ್‌ಡ್ರೈವ್ ಹಿಡಿದು ಬರುತ್ತಾರೆ. “ಲಗ್ನಪತ್ರಿಕೆ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗ್ಯಾವ್ರಿ. ಫಾರ್ಮ್ಯಾಟ್ ಮಾತ್ರ ಹೊಡೀಬ್ಯಾಡ್ರಿ, ನುಡಿ, ಫಾಂಟು ಎಲ್ಲ ಸೆಟ್ ಮಾಡಾಕ ನಂಗ ಮತ್ತೆರಡು ದಿನ.” ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿದವರ ದಿಗಿಲು ಅದು.

ಫೈಲುಗಳು ಎಲ್ಲೂ ಹೋಗಿರುವುದಿಲ್ಲ. ಪೀಡೆಯು ನಿಜವಾದ ಫೋಲ್ಡರುಗಳನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಟ್ಟಿದೆ. ನೀವು ಪತ್ರಿಕೆ ತೆರೆಯಲೆಂದು ಒತ್ತುತ್ತೀರಿ, ಪೀಡೆ ಓಡುತ್ತದೆ, ಅನುಮಾನ ಬರದಿರಲೆಂದು ಪತ್ರಿಕೆಯೂ ತೆರೆಯುತ್ತದೆ. ಹಿಂದೆಲ್ಲ ಪೆನ್‌ಡ್ರೈವ್ ಚುಚ್ಚಿದರೇ ಸಾಕಿತ್ತು, ಆಟೋರನ್ ಎಲ್ಲ ಮಾಡುತ್ತಿತ್ತು. ಹಳೆಯ ವಿಂಡೋಸುಗಳಲ್ಲೂ ಆ ಬಾಗಿಲನ್ನು ಮೈಕ್ರೋಸಾಫ್ಟ್ 2011ರ ಫೆಬ್ರುವರಿಯ ಅಪ್‌ಡೇಟಿನಲ್ಲಿ ಮುಚ್ಚಿತು. ಅಂದಿನಿಂದ ಈ ಜಾತಿಯ ಪೀಡೆಗೆ ನಿಮ್ಮ ಬೆರಳೇ ಬೇಕು.

ಅಂಗಡಿಯಾತ ಪೆನ್‌ಡ್ರೈವನ್ನು ಲಿನಕ್ಸಿಗೆ ಚುಚ್ಚುತ್ತಾನೆ. ವಿಂಡೋಸಿಗಾಗಿ ಬರೆದ ಪೀಡೆ ಅಲ್ಲಿ ಓಡದು. ಬಚ್ಚಿಟ್ಟ ಫೋಲ್ಡರುಗಳೆಲ್ಲ ಕಾಣುತ್ತವೆ, ಪತ್ರಿಕೆಗಳನ್ನು ಬೇರೆಡೆ ಎತ್ತಿಡುತ್ತಾನೆ. ವಿಂಡೋಸಿನಲ್ಲೇ ಆದರೆ ಅಟ್ರಿಬ್ ಎಂಬ ಆಜ್ಞೆಯಿಂದ ಮರೆ ತೆಗೆಯಬಹುದು. ಆದರೆ ಬರೀ ಪೆನ್‌ಡ್ರೈವ್ ತೊಳೆದರೆ ಸಾಲದು, ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಪೀಡೆಯ ಬೇರಿದೆ. ಅದಕ್ಕೆ ವಿಂಡೋಸಿನದೇ ಆಂಟಿವೈರಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಏಳುವ ಮೊದಲೇ ನಡೆಯುವುದರಿಂದ ಪೀಡೆಗೆ ಅಡಗಲು ಅವಕಾಶವಿಲ್ಲ.

“ವಿಂಡೋಸ್ ಎಲ್ಲಿಂದ ಹಾಕಿಸಿದ್ರಿ?”

ಅವರು ಉತ್ತರಿಸದೆ ಕ್ಯಾಲೆಂಡರ್ ನೋಡುತ್ತಾರೆ. ಕ್ರ್ಯಾಕ್ ಮಾಡಿದ್ದು. ಆಕ್ಟಿವೇಟರ್ ಓಡಿಸುವಾಗ ‘ಆಂಟಿವೈರಸ್ ಆಫ್ ಮಾಡಿ’ ಎಂದಿತ್ತು, ಆಫ್ ಮಾಡಿದ್ದರು, ಆಮೇಲೆ ಆನ್ ಮಾಡಲಿಲ್ಲ. ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ರ್‍ಯಾನ್ಸಮ್‌ವೇರ್ ಇಂಥ ಕ್ರ್ಯಾಕುಗಳ ಜೊತೆಗೂ ಬರುತ್ತದೆ. ಕ್ರ್ಯಾಕ್ ಇಲ್ಲದವರೂ ಅಪ್‌ಡೇಟ್ ಬಿಟ್ಟರೆ ಉಳಿಯುವುದಿಲ್ಲ. 2017ರ ಮೇ 12ರಂದು ಜಗತ್ತನ್ನು ನಡುಗಿಸಿದ ವಾನಾಕ್ರೈ ನುಗ್ಗಿದ ಕಿಂಡಿಗೆ ತೇಪೆ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ.

ಮಾತಿನ ನಡುವೆ ಕೊಟ್ಟೂರಿನವರೇ ಒಬ್ಬ ಹೆಣ್ಣುಮಗಳು ಫೋನು ಚಾಚುತ್ತಾರೆ. ವಾಟ್ಸಾಪಿನಲ್ಲಿ ಪರಿಚಯದ ನಂಬರಿನಿಂದಲೇ ಮದುವೆ ಕರೆಯೋಲೆ. ಒತ್ತಿದರೆ ಏನೂ ತೆರೆಯಲಿಲ್ಲ. ಫೈಲಿನ ಬಾಲದಲ್ಲಿ ಎಪಿಕೆ. ಅದು ಕರೆಯೋಲೆಯಲ್ಲ, ಆ್ಯಪು. ಅಂಗಡಿಯಾತನ ದನಿ ಮೊದಲ ಸಲ ಚುರುಕಾಗುತ್ತದೆ. “ಯಕ್ಕಾ, ನೆಟ್ ಬಂದ್ ಮಾಡು. ಬ್ಯಾರೆ ಫೋನಿಂದ ಬ್ಯಾಂಕಿಗೆ ಹಚ್ಚು. ರೊಕ್ಕ ಹೋಗಿದ್ರ ಸೈಬರ್ ಸಹಾಯವಾಣಿ 1930ಕ್ಕ ಈಗಿಂದೀಗ.” ಇಂಥ ಆ್ಯಪು ಮೆಸೇಜು ಓದುವ ಅನುಮತಿ ಪಡೆದು ಒಟಿಪಿ ಕದಿಯುತ್ತದೆ. ಫೋನನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ್ಯಪಿನ ಅನುಮತಿ ಕಿತ್ತು, ಆ್ಯಪನ್ನೂ ತೆಗೆಯುತ್ತಾನೆ. ಬ್ಯಾಂಕಿನಿಂದ ಹಣ ಹೋಗಿಲ್ಲ. ಪಾಸ್‌ವರ್ಡುಗಳನ್ನೆಲ್ಲ ಬೇರೆ ಫೋನಿನಿಂದ ಬದಲಿಸಲು ಹೇಳಿ ಕಳಿಸುತ್ತಾನೆ.

ಆರು ಗಂಟೆ. ಕೂಡ್ಲಿಗಿ ದಿಕ್ಕಿನಲ್ಲಿ ಗುಡುಗು. ಹುಡುಗ ಪ್ಲಗ್ಗುಗಳ ಜೊತೆ ಬ್ರಾಡ್‌ಬ್ಯಾಂಡಿನ ತಂತಿಯನ್ನೂ ಕೀಳುತ್ತಾನೆ. ಸಿಡಿಲು ಆ ದಾರಿಯಿಂದ ಬಂದು ಲ್ಯಾನ್ ಪೋರ್ಟ್ ಸುಡುವುದುಂಟು. ಹಡಗಲಿಯ ಡಿಸ್ಕ್ ಮಾತ್ರ ಯುಪಿಎಸ್ಸಿನ ಮೇಲೆ ಉಳಿದ ಕೆಲಸ ಮುಗಿಸುತ್ತಿದೆ. ಸ್ಟುಡಿಯೋದವರು ಪರದೆಗೆ ಮುಖ ಹಚ್ಚಿ ನಿಂತಿದ್ದಾರೆ. ನಕಲು ಡಿಸ್ಕ್ ತೆರೆಯುತ್ತದೆ. ಅರಿಶಿಣ, ಧಾರೆ, ಆರತಕ್ಷತೆ, ಫೋಲ್ಡರುಗಳೆಲ್ಲ ಇವೆ. ಎರಡು ವಿಡಿಯೋ ತುಣುಕು ಮಾತ್ರ ನಡುವೆ ಮುರಿದಿವೆ.

“ಇದರದು ಇನ್ನೊಂದು ಕಾಪಿ ಮಾಡಿ ಬ್ಯಾರೆ ಮನ್ಯಾಗ ಇಡ್ರಿ,” ಅಂಗಡಿಯಾತ ಹೇಳುತ್ತಾನೆ.

“ಮತ್ತೊಂದು ಡಿಸ್ಕಂದ್ರ ಮತ್ತ ನಾಲ್ಕೈದು ಸಾವಿರ ಅಲ್ಲೇನಣ್ಣ.”

“ಡಿಸ್ಕ್ ಮತ್ತೊಂದು ಸಿಗತೈತಿ. ಆ ಮಂದೀನ ಕರ್ಕೊಂಬಂದು ಮದುವಿ ಮತ್ತೊಮ್ಮೆ ಮಾಡ್ಸಾಕ ಬರ್ತೈತೇನ್ರಿ?”

ಸ್ಟುಡಿಯೋದವರು ಬೈಕಿನ ಕೀಲಿ ತಿರುಗಿಸುತ್ತ ಒಂದು ಗಳಿಗೆ ಲೆಕ್ಕ ಹಾಕುತ್ತಾರೆ. “ಎರಡು ಕೊಡ್ರಿ. ಇನ್ನ ಮ್ಯಾಲೆ ಆರ್ಡರ್ ಹಿಡಿಯುವಾಗನ ಡಿಸ್ಕಿನ ರೊಕ್ಕ ಸೇರಿಸಿ ರೇಟು ಹೇಳ್ತೀನಿ.”