ಕಾರಿನ ಹೊಟ್ಟೆಯೂ ಊರ ದಾರಿಯೂ

ಕುದುರೆ ಎತ್ತರವಾಗಿರಬೇಕು, ಕಾರು ತಗ್ಗಾಗಿರಬೇಕು ಎಂಬುದು ತರುಣರ ಮತ. ಗಾಲಿಗೂ ಅದರ ಮೇಲಣ ಕಮಾನಿಗೂ ನಡುವೆ ನಾಲ್ಕು ಬೆರಳು ಬಯಲು ಕಂಡರೆ, ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮದುವೆಗೆ ಬಂದವನನ್ನು ಕಂಡಂತೆ ಅವರಿಗೆ ಸಂಕೋಚವಾಗುತ್ತದೆ. ಹಿರಿಯರು ಇದನ್ನು ಮರುಳೆಂದು ಬಗೆಯುವುದುಂಟು. ಆದರೆ ನೆಲಕ್ಕೆ ಸಮೀಪವಾದ ಬಂಡಿಯು ತಿರುವಿನಲ್ಲಿ ಕಡಿಮೆ ವಾಲುವುದು ನಿಜ; ಚೆಲುವನ್ನು ಕಂಡ ಕಣ್ಣಿಗೆ ಕಾರಣ ಕೇಳುವುದೂ ಉಚಿತವಲ್ಲ. ಕೇಳತಕ್ಕದ್ದು, ಆ ಚೆಲುವು ನಡೆದಾಡಬೇಕಾದ ದಾರಿ ಯಾವುದೆಂಬುದನ್ನು.

ಶಹಾಬಾದದಲ್ಲಿ ಕಲ್ಲಿನ ಅಂಗಡಿಯೊಂದರ ಲೆಕ್ಕ ಬರೆಯುವ ತರುಣನೊಬ್ಬನು ಹಳೆಯ ಸ್ವಿಫ್ಟ್ ಕಾರೊಂದನ್ನು ಕೊಂಡನೆಂದು ವಾಚಕರು ಭಾವಿಸಿಕೊಳ್ಳಲಿ. ಹಣ ಸ್ವಲ್ಪ, ಆಸೆ ದೊಡ್ಡದು, ಮನೆಗೆ ಅದೊಂದೇ ವಾಹನ. ಚಿಂಚೋಳಿಗೆ ಕೊಟ್ಟ ತಂಗಿಯ ಕುಬುಸ ಮುಗಿದಿದೆ. ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕಾದದ್ದೂ ಇದೇ ಕಾರಿನಲ್ಲಿ, ಸೇಡಂ, ಚಿತ್ತಾಪುರ, ವಾಡಿಗಳನ್ನು ಹಾದು.

ಆ ಸೀಮೆಯ ನೆಲ ಬಹುಮಟ್ಟಿಗೆ ಎರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಯ ಮೇಲೆ ಹಾಸಿದ ಡಾಂಬರು ಅಲೆಅಲೆಯಾಗುತ್ತದೆ. ಅದರ ಮೇಲೆ ಸುಣ್ಣಕಲ್ಲನ್ನೂ ಸಿಮೆಂಟನ್ನೂ ಹೊತ್ತ ಲಾರಿಗಳು ಗಾಲಿಜಾಡು ಕೊರೆಯುತ್ತವೆ. ಎರಡು ಜಾಡುಗಳ ನಡುವೆ ಉಳಿದ ದಿಂಡು ನೇರವಾಗಿ ಕಾರಿನ ಹೊಟ್ಟೆಗೇ ಎದುರಾಗುತ್ತದೆ. ಕಾಗಿಣಾ ನದಿ ತುಂಬಿ ದಂಡೋತಿ, ಮಳಖೇಡಗಳ ಸೇತುವೆ ಮುಳುಗಿದ ದಿನಗಳ ಮಾತು ಬೇರೆ. ಆಗ ಎತ್ತರದ ಕಾರೂ ದಡದಲ್ಲಿ ನಿಲ್ಲತಕ್ಕದ್ದೇ.

ಎಲ್ಲಕ್ಕಿಂತ ಕಠಿನವಾದುದು ಊರಬಾಯಿಯ ದಿಬ್ಬ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ದಿಬ್ಬಕ್ಕೆ 3.7 ಮೀಟರು ಅಗಲ, ನೆತ್ತಿಯಲ್ಲಿ 10 ಸೆಂಟಿಮೀಟರು ಎತ್ತರ. ಮುಂಗಾಲಿಗೂ ಹಿಂಗಾಲಿಗೂ 2.4 ಮೀಟರು ಅಂತರವುಳ್ಳ ಕಾರು ಅದರ ನಡುವೆ ನಿಂತಾಗ ಗಾಲಿಗಳೂ ದಿಬ್ಬದ ಮೇಲೆಯೇ ಇರುತ್ತವಾದ್ದರಿಂದ, ಹೊಟ್ಟೆಯ ಕೆಳಗಣ ಬಯಲಿನಲ್ಲಿ ಕಳೆಯುವುದು ಸುಮಾರು 4 ಸೆಂಟಿಮೀಟರು ಮಾತ್ರ. ಆದರೆ ಊರವರೇ ಮೊಳದಗಲಕ್ಕೆ ಮಣ್ಣು ಕಲ್ಲು ಒಟ್ಟಿ 15 ಸೆಂಟಿಮೀಟರು ಏರಿಸಿದರೆ, ಗಾಲಿಗಳು ಆಚೀಚೆ ನೆಲದಲ್ಲಿದ್ದು, ಆ ಹದಿನೈದನ್ನೂ ಹೊಟ್ಟೆಯೇ ತೆರಬೇಕು. 2005ರಲ್ಲಿ ಬಂದ ಸ್ವಿಫ್ಟಿಗೆ ಇದ್ದ ಬಯಲು 17 ಸೆಂಟಿಮೀಟರು, ಅದೂ ಯಾರೂ ಕೂಡದಿದ್ದಾಗ. ಮಿಕ್ಕ ಲೆಕ್ಕವನ್ನು ಲೆಕ್ಕ ಬರೆಯುವವನಿಗೆ ಹೇಳಿಕೊಡಬೇಕಾಗಿಲ್ಲ.

ಈ ಹಂಬಲ ನಮ್ಮ ಸೀಮೆಯದಷ್ಟೇ ಎಂದು ತಿಳಿಯಬಾರದು. ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೋ ಮೂಲದ ತರುಣರು ಹಿಂಬದಿಯ ಪೆಟ್ಟಿಗೆಯಲ್ಲಿ ಮರಳಿನ ಚೀಲಗಳನ್ನಿಟ್ಟು ಕಾರುಗಳನ್ನು ತಗ್ಗಿಸಿದರು. ಗಾಲಿಯ ಉಕ್ಕಿನ ಬಳೆಗಿಂತ ಕೆಳಕ್ಕೆ ಕಾರಿನ ಮೈ ಇಳಿಯಕೂಡದೆಂದು ಅಲ್ಲಿ ಕಾಯಿದೆಯಾಯಿತು. ತರುಣರು ಬೇಕೆಂದಾಗ ಏರಿ ಇಳಿಯುವ ಹೈಡ್ರಾಲಿಕ್ ಯಂತ್ರವನ್ನು ಕೂಡಿಸಿ ಪೊಲೀಸರನ್ನು ನಗಿಸಿದರೋ ಅಳಿಸಿದರೋ! 2023ರಲ್ಲಿ ಕ್ಯಾಲಿಫೋರ್ನಿಯವು ಆ ಕಾಯಿದೆಯನ್ನೇ ತೆಗೆದುಹಾಕಿತು.

ಆ ಮರಳಿನ ಚೀಲದಲ್ಲಿ ಅಲ್ಪಧನಿಗೆ ಒಂದು ಉಪಾಯವಡಗಿದೆ. ವಾಡಿಯ ಸುತ್ತ 50 ಕಿಲೋ ಸಿಮೆಂಟಿನ ಚೀಲಕ್ಕೆ ಬರವುಂಟೆ? ಸ್ಪ್ರಿಂಗನ್ನು ಮುಟ್ಟುವ ಮುನ್ನ ನಾಲ್ಕೂ ಕಮಾನುಗಳ ಎತ್ತರವನ್ನು ಅಳೆದು ಬರೆದುಕೊಂಡು, ಕಾರಿಗೆ ವಿಧಿಸಿದ ಭಾರವನ್ನು ಮೀರದಂತೆ ಮುಂದೊಂದು ಹಿಂದೆರಡು ಚೀಲ ಹೇರಿ, ಉರುಳದಂತೆ ಕಟ್ಟಿ, ಮನಸ್ಸಿಗೆ ಒಪ್ಪುವಷ್ಟು ತಗ್ಗಿದ ಮೇಲೆ ಚಿಂಚೋಳಿಯ ತನಕ ನಿಧಾನವಾಗಿ ಹೋಗಿ ಬರಬೇಕು. ಎಲ್ಲಿ ತಾಗಿತೆಂಬುದನ್ನು ದಾರಿಯೇ ಹೇಳುತ್ತದೆ, ಖರ್ಚು ಪೆಟ್ರೋಲಿನದಷ್ಟೆ. ಇಷ್ಟನ್ನು ಮಾತ್ರ ಮರೆಯಬಾರದು: ಕಾರು ತಗ್ಗುವುದು ಎರಡು ಸಲ, ಒಮ್ಮೆ ಸ್ಪ್ರಿಂಗಿನಿಂದ, ಇನ್ನೊಮ್ಮೆ ಕೂತವರಿಂದ. ಚೀಲ ಹೇರಿದಾಗಲೇ ತಾಗಿದ ದಾರಿಯಲ್ಲಿ, ತಗ್ಗಿಸಿದ ಕಾರು ಬಸುರಿಯನ್ನೂ ತಾಯಿಯನ್ನೂ ಕೂರಿಸಿಕೊಂಡು ಬರುವ ಆಶೆ ಬೇಡ.

ಅಗ್ಗವೆಂದು ತೋರುವ ಕೆಲವು ಮಾರ್ಗಗಳು ನಿಜದಲ್ಲಿ ದುಬಾರಿ. ಗ್ಯಾಸಿನ ಉರಿಯಲ್ಲಿ ಸುರುಳಿಯನ್ನು ಕಾಸಿ ಕುಗ್ಗಿಸಿದರೆ ಉಕ್ಕಿನ ಹದ ಕೆಡುತ್ತದೆ. ಇಂದು ಕುಗ್ಗಿದ್ದು ನಾಳೆ ಮತ್ತಷ್ಟು ಕುಗ್ಗುತ್ತದೆ, ಇಲ್ಲವೆ ಮುರಿಯುತ್ತದೆ. ಒಂದು ಸುತ್ತನ್ನು ಕತ್ತರಿಸಿದರೆ ಸ್ಪ್ರಿಂಗು ಬಿಗಿಯಾಗುವುದೇನೋ ಸರಿ. ಆದರೆ ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಒಪ್ಪವಾಗಿ ಕೂಡದು, ಗಾಲಿ ಹೊಂಡಕ್ಕಿಳಿದು ಜೋತಾಗ ಮೋಟಾದ ಸುರುಳಿ ಸಡಿಲಗೊಂಡು ಜಾರಬಹುದು. ಆ ಕಾರಿಗೆಂದೇ ಮಾಡಿದ, 25 ಅಥವಾ 30 ಮಿಲಿಮೀಟರು ಮಾತ್ರ ತಗ್ಗಿಸುವ ಸ್ಪ್ರಿಂಗುಗಳನ್ನು ಕೊಳ್ಳುವುದು ಮೇಲು. ಎಣ್ಣೆ ಸೋರುವ ಶಾಕ್ ಅಬ್ಸಾರ್ಬರುಗಳಿದ್ದರೆ ಅವನ್ನೂ ಆಗಲೇ ಬದಲಾಯಿಸಬೇಕು; ಬಿಚ್ಚುವ ಕೂಲಿ ಒಂದೇ.

ಕೂಲಿಯನ್ನೂ ಉಳಿಸುವೆನೆಂದು ಮನೆಯಂಗಳದಲ್ಲಿ ಬಿಚ್ಚಲು ಹೊರಡುವವರಿಗೆ ಒಂದು ಮಾತು. ಶಹಾಬಾದದಲ್ಲಿ ಕಾಲಿಟ್ಟಲ್ಲಿ ಫರಸಿ ಸಿಗುತ್ತದೆ. ನಾಲ್ಕು ಫರಸಿಗಳನ್ನು ಪೇರಿಸಿ ಅದರ ಮೇಲೆ ಕಾರನ್ನು ನಿಲ್ಲಿಸುವ ಬುದ್ಧಿ ಸಹಜವಾಗಿ ಹುಟ್ಟುತ್ತದೆ. ಪದರಪದರವಾದ ಆ ಕಲ್ಲು ನೆಲಕ್ಕೆ ಹಾಸಿದಾಗ ತಲೆಮಾರು ಬಾಳುತ್ತದೆ, ಒಂದೆಡೆ ಭಾರ ಕುಕ್ಕಿದಾಗ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಕೆಳಗೆ ಮಲಗಿದವನಿಗೆ ಎದ್ದು ಓಡಲು ಕಾಲವಿರುವುದಿಲ್ಲ. ಜ್ಯಾಕಿನಿಂದ ಎತ್ತಿದ ಕಾರು ಉಕ್ಕಿನ ಕುದುರೆಗಳ ಮೇಲೆಯೇ ನಿಲ್ಲಬೇಕು. ಅದುಮಿಟ್ಟ ಸ್ಪ್ರಿಂಗಂತೂ ಎಳೆದ ಬಿಲ್ಲಿಗಿಂತ ಭಯಂಕರ. ಅದನ್ನು ಹಿಡಿಯುವ ಸಾಧನವಿಲ್ಲದವನು ಅದರ ತಂಟೆಗೆ ಹೋಗಬಾರದು.

ಕೆಲಸವಾದ ಮೇಲೆ ಗಾಲಿಗಳ ನೇರ ನೋಡಿಸುವ ಖರ್ಚನ್ನು ಬಿಡಕೂಡದು. ಬಿಟ್ಟರೆ ಟೈರಿನ ಒಳ ಅಂಚು ಕಾಣದಂತೆ ಸವೆಯುತ್ತದೆ. ಕೆಲವು ಕಾರುಗಳಲ್ಲಿ ಹಿಂಭಾಗದ ಎತ್ತರವನ್ನು ನೋಡಿ ಹಿಂಬ್ರೇಕಿಗೆ ಒತ್ತಡ ಹಂಚುವ ಕವಾಟವುಂಟು. ಕಾರು ತಗ್ಗಿದರೆ ಅದು ಭಾರ ಹೇರಿದೆಯೆಂದೇ ತಿಳಿದು ಹಿಂಗಾಲಿಗಳನ್ನು ಬೇಗ ಬಿಗಿಹಿಡಿಯುತ್ತದೆ, ಅದನ್ನೂ ಸರಿಪಡಿಸಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಯಾರಕನ ಮೂಲ ವಿವರಗಳಿಂದ ಭಿನ್ನವಾಗುವ ಬದಲಾವಣೆಯನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದುದರಿಂದ ಸಾರಿಗೆ ಕಚೇರಿಯನ್ನೂ ವಿಮೆಯವರನ್ನೂ ಮೊದಲೇ ಕೇಳಿ, ಅವರು ಬೇಡವೆಂದರೆ ಬಿಟ್ಟುಬಿಡಬೇಕು.

ಒಪ್ಪಿಗೆ ದೊರೆತರೂ ತಂಗಿ ಕೂಸನ್ನೆತ್ತಿಕೊಂಡು ಚಿಂಚೋಳಿಗೆ ಮರಳುವ ತನಕ ಇದ್ದ ಸ್ಪ್ರಿಂಗುಗಳೇ ಇರಲಿ. ಆಮೇಲೆ ಬಿಚ್ಚಿದಾಗಲೂ ಅವನ್ನು ಗುಜರಿಗೆ ಕೊಡದೆ, ಎಡ ಬಲ ಗುರುತು ಹಾಕಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರತಕ್ಕದ್ದು.