ಮಾರಿ ಮ್ಯಾಲ ಬ್ಯಾಟ್ರಿ ಬಿಡಬ್ಯಾಡ

ಒಂದು ಕಾಲಕ್ಕೆ ನಮ್ಮ ಹೂಲಿಯಲ್ಲಿ ರಾತ್ರಿ ಹೊತ್ತು ಬ್ಯಾಟರಿ ಇಲ್ಲದೆ ಓಡಾಡುವವರು ಎರಡೇ ಥರದವರು: ಕಳ್ಳರು, ಇಲ್ಲವೇ ಹೊಸದಾಗಿ ಅತ್ತೆಮನೆಗೆ ಬಂದ ಅಳಿಯಂದಿರು. ಕಳ್ಳನಿಗೆ ಬೆಳಕು ಬೇಕಾಗಿರಲಿಲ್ಲ. ಅಳಿಯನಿಗೆ ಬೇಕಿತ್ತು, ಕೇಳಲು ನಾಚಿಕೆ. ಉಳಿದವರು ಯಾರೇ ಆಗಲಿ, ಕತ್ತಲಾದ ಮೇಲೆ ಹೊಸ್ತಿಲು ದಾಟಬೇಕಾದರೆ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಡಿಗೆ. ಸಾಮಾನ್ಯರದು ಎರಡು ಸೆಲ್ಲಿನದು, ಉಳ್ಳವರದು ಮೂರರದು. ಐದು ಸೆಲ್ಲಿನ ಉದ್ದನೆಯ ಬ್ಯಾಟರಿ ಇಟ್ಟುಕೊಂಡ ಮನೆತನಕ್ಕೆ ಕನ್ಯೆ ಕೊಡಲು ಯಾರೂ ಹಿಂದೆ ಮುಂದೆ ನೋಡುತ್ತಿರಲಿಲ್ಲ.

ನಮ್ಮ ಮನೆಯದು ಎರಡು ಸೆಲ್ಲಿನ ಹಿತ್ತಾಳೆಯದು. ಬಾಗಿಲ ಹಿಂದಿನ ಗೂಟಕ್ಕೆ ಅಪ್ಪನ ಪಟಕಾದ ಪಕ್ಕದಲ್ಲಿ ಜೋತು ಬಿದ್ದಿರುತ್ತಿತ್ತು. ಬುಡದ ಮುಚ್ಚಳ ತಿರುವಿ ತೆಗೆದರೆ ಸ್ಪ್ರಿಂಗಿನ ನಡುವೆ ಒಂದು ಹೆಚ್ಚಿನ ಬಲ್ಬು, ಚೂರು ಅರಳೆಯಲ್ಲಿ ಸುತ್ತಿಟ್ಟದ್ದು. ಸೆಲ್ಲಿನ ಮೈಮೇಲೆ ಒಂಬತ್ತರ ಅಂಕಿಯೊಳಗಿಂದ ಜಿಗಿಯುವ ಎವರೆಡಿ ಬೆಕ್ಕು. ಸೆಲ್ಲು ಸೊರಗಿತೆಂದರೆ ಅವ್ವ ಅದನ್ನು ಮಾಳಿಗೆಯ ಮೇಲೆ ಸಂಡಿಗೆಯ ಸಾಲಿನಲ್ಲೇ ಬಿಸಿಲಿಗೆ ಇಡುತ್ತಿದ್ದಳು. ಓದಿದವರು ನಗುತ್ತಿದ್ದರು, ಆದರೆ ಬೆಚ್ಚಗಾದರೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುವುದು ನಿಜ, ಹಾಗಾಗಿ ಅವ್ವನ ವಿಜ್ಞಾನ ಒಂದೆರಡು ರಾತ್ರಿಗಾದರೂ ಸರಿಯಾಗಿಯೇ ಇತ್ತು. ಪೂರ್ತಿ ಸತ್ತ ಸೆಲ್ಲು ನಮ್ಮ ಪಾಲಿಗೆ. ಕಲ್ಲಲ್ಲಿ ಜಜ್ಜಿ ಒಳಗಿನ ಕರಿಕಡ್ಡಿ ತೆಗೆದು, ಊರ ಗೋಡೆಗಳ ಮೇಲೆ ನಮ್ಮ ಆಗದವರ ಹೆಸರು ಬರೆಯುವುದು.

ಅಪ್ಪ ಬ್ಯಾಟರಿಯನ್ನು ಹಚ್ಚಿಕೊಂಡೇ ನಡೆದದ್ದನ್ನು ನಾನು ಕಂಡಿಲ್ಲ. ಒಮ್ಮೆ ಒತ್ತುವರು, ಮುಂದಿನ ಏಳೆಂಟು ಹೆಜ್ಜೆಯ ಹಾದಿಯನ್ನು ಕಣ್ಣಲ್ಲಿ ತುಂಬಿಕೊಳ್ಳುವರು, ಆರಿಸುವರು, ನಡೆಯುವರು. ಇದು ಬರೀ ಜಿಪುಣತನ ಎಂದು ಅವ್ವ ಹೇಳುತ್ತಿದ್ದಳು. ಆದರೆ ಅಪ್ಪ ಇತಿಹಾಸದ ಹಾದಿಯಲ್ಲೇ ಇದ್ದರು. 1899ರಲ್ಲಿ ಡೇವಿಡ್ ಮಿಸೆಲ್ ಎಂಬಾತ ನ್ಯೂಯಾರ್ಕಿನಲ್ಲಿ ಕೊಳವೆಯಾಕಾರದ ಕೈದೀಪಕ್ಕೆ ಪೇಟೆಂಟ್ ಪಡೆದಾಗ ಅದರ ಸೆಲ್ಲಿಗೂ ದಮ್ಮಿರಲಿಲ್ಲ, ಬಲ್ಬಿಗೂ ಬಾಳಿಕೆಯಿರಲಿಲ್ಲ. ಒತ್ತಬೇಕು, ಬಿಡಬೇಕು; ಮಿಂಚಿ ಆರುವುದೇ ಅದರ ಗುಣ. ಮೊದಮೊದಲು ಅದನ್ನು ಹಿಡಿದು ಓಡಾಡಿದ ಗಿರಾಕಿಗಳಲ್ಲಿ ಆ ಊರಿನ ಪೊಲೀಸರೂ ಇದ್ದರು. ಅವರು ಅದನ್ನು ಜನರ ಮುಖಕ್ಕೆ ಹಿಡಿದಿರಲಿಕ್ಕೂ ಸಾಕು, ಪೊಲೀಸರಲ್ಲವೇ.

ಹೂಲಿಯಲ್ಲಿ ಹಾಗೆ ಮಾಡಿದರೆ ಮಾತ್ರ ಉಳಿಗಾಲವಿರಲಿಲ್ಲ. ಬೆಳಕು ಯಾವಾಗಲೂ ನೆಲದ ಮೇಲೆ, ಬಹಳವೆಂದರೆ ಎದುರಿನವರ ಮೊಣಕಾಲಿನವರೆಗೆ. ಮೇಲೆ ಹೋಯಿತೋ, ಕತ್ತಲೊಳಗಿಂದ ಬೈಗುಳ: “ಏ ಯಾಂವಲೇ ಅಂವಾ, ಮಾರಿ ಮ್ಯಾಲ ಬ್ಯಾಟ್ರಿ ಬಿಡಬ್ಯಾಡ!” ಹೆಂಗಸರು ಬರುತ್ತಿದ್ದರೆ ಕಾಲಿಗೂ ಬಿಡುವಂತಿರಲಿಲ್ಲ, ಹಾದಿಯ ಬದಿಗೆ ತಿರುಗಿಸಿ ನಿಲ್ಲಬೇಕು. ಹಾಗಾದರೆ ಎದುರಿನವರು ಯಾರೆಂದು ತಿಳಿಯುವುದು ಹೇಗೆ? ಕೇಳಿಯೇ. “ಯಾರ್ರೀ ಅವರು?” ಎಂದರೆ “ನಾನರೀ” ಎಂಬ ಉತ್ತರ ಬರುತ್ತಿತ್ತು, ಆ ‘ನಾನು’ ಯಾರೆಂದು ದನಿಯೇ ಹೇಳುತ್ತಿತ್ತು. ದನಿಯ ಗುರುತು ಹತ್ತದ ಪರಸ್ಥಳದವರು ಇನ್ನೂ ಒಂದು ಕೆಲಸ ಮಾಡುತ್ತಿದ್ದರು. ತಮ್ಮ ಬ್ಯಾಟರಿಯನ್ನು ತಿರುಗಿಸಿ ತಮ್ಮದೇ ಮುಖಕ್ಕೆ ಬಿಟ್ಟುಕೊಂಡು, “ನೋಡ್ರಿ, ಮುನವಳ್ಳಿ ಕಡಿಯಿಂದ ಬಂದೇನಿ, ಇಂಥವರ ಬೀಗ” ಎನ್ನುವರು. ಗದ್ದದ ಕೆಳಗಿಂದ ಬೆಳಕು ಬಿದ್ದ ಎಂಥ ಸಭ್ಯ ಬೀಗನೂ ಪಕ್ಕಾ ದೆವ್ವದ ಹಾಗೇ ಕಾಣುತ್ತಿದ್ದ. ಆದರೂ ನಂಬುತ್ತಿದ್ದೆವು.

ಈ ಸಂಪ್ರದಾಯದಲ್ಲಿ ಬೆಳೆದ ನನ್ನ ಕೈಗೆ ತಂಗಿಯ ಮಗಳು ಹೆಬ್ಬೆರಳಿಗಿಂತ ತುಸು ದಪ್ಪನೆಯ ಕರಿ ಕೊಳವೆಯೊಂದನ್ನು ಇಟ್ಟಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಪಾಳಿ ಮುಗಿದು ಮನೆ ಸೇರುವ ಹೊತ್ತಿಗೆ ನಡುರಾತ್ರಿ. ಟ್ಯಾಕ್ಟಿಕಲ್ ಟಾರ್ಚ್ ಅಂತೆ. ಒರಟು ಮೈ, ಬೆವರಿದ ಕೈಯಿಂದ ಜಾರಬಾರದೆಂದು. ಗುಂಡಿ ಬುಡದಲ್ಲಿ, ಮುಷ್ಟಿ ಕಟ್ಟಿ ಹೆಬ್ಬೆರಳಲ್ಲಿ ಒತ್ತಬೇಕು. ಬಾಯಿಯ ಸುತ್ತ ಗರಗಸದ ಹಲ್ಲು. “ಇದ್ಯಾತಕ್ಕವ್ವಾ, ಶೇಂಗಾ ಒಡಿಯಾಕೇನು?” ಎಂದೆ. ಅವಳು ನಗಲಿಲ್ಲ. ಗುಂಡಿಯನ್ನು ಎರಡು ಸಲ ತಟ್ಟಿದಳು ನೋಡಿ, ಪಡಸಾಲೆಯ ಗೋಡೆ, ಗಡಿಯಾರ, ಅಪ್ಪನ ಫೋಟೋ ಎಲ್ಲ ಜುಮುಜುಮು ಕುಣಿಯತೊಡಗಿದವು. ದನದ ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಹರಿಯಲು ನೋಡಿತು.

“ಮಾಮಾ, ಇದು ಹೊಡದಾಡಾಕ ಅಲ್ಲ, ಓಡಾಕ” ಎಂದು ವಿವರಿಸಿದಳು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಒಮ್ಮೆಲೇ ಬೆಳಕು ಹೊಡೆದರೆ ಎದುರಿನವನಿಗೆ ಕೆಲವು ಗಳಿಗೆ ಏನೂ ಕಾಣುವುದಿಲ್ಲ. ಅಷ್ಟರಲ್ಲಿ ದೂರ ಹೋಗಿ 112ಕ್ಕೆ ಫೋನ್ ಮಾಡಬೇಕು. ಗುಂಡಿಯನ್ನು ಹುಡುಕುವಂತಿರಬಾರದು, ಒಂದೇ ಒತ್ತಿಗೆ ಪೂರ್ತಿ ಬೆಳಕು ಬರಬೇಕು, ಚೀಲದ ತಳದಲ್ಲಿ ಇರಬಾರದು, ಕೈಯಲ್ಲೇ ಇರಬೇಕು. “ಮಾರಿ ಮ್ಯಾಲ ಬಿಡಬಾರದು ತಂಗೀ” ಎಂದು ನಾನು ಹೂಲಿಯ ಶಾಸ್ತ್ರ ತೆಗೆದೆ. “ಅಲ್ಲಿ ಯಾರ್ರೀ ಅವರು ಅಂತ ಕೇಳಿದರ ಯಾರ ಹೇಳತಾರ ಮಾಮಾ?” ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಗಾಗಿ ಡಬ್ಬಿಯ ಮೇಲಿನ ಅಂಕಿಗಳನ್ನು ಓದತೊಡಗಿದೆ.

ಅಂಕಿಗಳು ಬಹಳ ಸೊಗಸಾಗಿವೆ. ಸಾವಿರದ ಇನ್ನೂರು ಲ್ಯೂಮೆನ್ ಎಂದು ಬರೆದಿತ್ತು. ನಮ್ಮ ಹಿತ್ತಾಳೆ ಬ್ಯಾಟರಿ ಹೊಸ ಸೆಲ್ಲು ಹಾಕಿದ ದಿನ ಹತ್ತು ಹದಿನೈದು ಕೊಟ್ಟಿದ್ದರೆ ಪುಣ್ಯ. ಈ ಬೆಳಕನ್ನು ಅಳೆಯಲು 2009ರಿಂದ ಅಮೆರಿಕದಲ್ಲಿ ಎಫ್‌ಎಲ್‌1 ಎಂಬ ಮಾನದಂಡವಿದೆ. ಅದರ ಪ್ರಕಾರ ದೀಪ ಹಚ್ಚಿದ ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಬೆಳಕು ಅಳೆದು ಬರೆದರೆ ಸಾಕು. ಆಮೇಲೆ ಮೈ ಕಾದು ಅದು ತಾನಾಗಿ ಇಳಿಯುತ್ತದೆ. ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕವೋ, ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವವರೆಗೂ ‘ಉರಿಯಿತು’ ಎಂದೇ. ಇಷ್ಟಾದರೂ ಇವು ಪ್ರಾಮಾಣಿಕರ ಅಂಕಿಗಳು. ತಳ್ಳುಗಾಡಿಯ ಮೇಲೆ ಲಕ್ಷ ಲ್ಯೂಮೆನ್ ಎಂದು ಬರೆದುಕೊಂಡು ಇನ್ನೂರು ರೂಪಾಯಿಗೆ ಮಾರುವವುಗಳ ಬಗ್ಗೆ ಮಾತಾಡುವುದೇ ಬೇಡ.

ನನಗೆ ಹಿಡಿಸಿದ್ದು ದೂರದ ಲೆಕ್ಕ. ಇನ್ನೂರು ಮೀಟರ್ ಮುಟ್ಟುತ್ತದೆ ಎಂದರೆ ಇನ್ನೂರು ಮೀಟರಿನಾಚೆಯ ಮರದ ಎಲೆ ಎಣಿಸಬಹುದು ಎಂದಲ್ಲ. ಅಷ್ಟು ದೂರದಲ್ಲಿ ಅದರ ಬೆಳಕು ಕಾಲು ಲಕ್ಸ್‌ಗೆ ಇಳಿದಿರುತ್ತದೆ, ಅಂದರೆ ಮೋಡವಿಲ್ಲದ ಹುಣ್ಣಿಮೆಯ ಬೆಳದಿಂಗಳಷ್ಟು. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು, ಉಧೋ ಉಧೋ ಎನ್ನುತ್ತ ಎಲ್ಲಮ್ಮನ ಗುಡ್ಡಕ್ಕೆ ಸಾಗುವ ಜನ ಯಾವ ಬೆಳಕಿನಲ್ಲಿ ದಾರಿ ಸವೆಸಿದರೋ, ಆ ಬೆಳಕನ್ನೇ ಇಂಜಿನಿಯರುಗಳು ಅಳತೆಗೋಲು ಮಾಡಿಕೊಂಡಿದ್ದಾರೆ. ಸಾವಿರಾರು ರೂಪಾಯಿಯ ದೀಪ ತನ್ನ ಪೂರ್ತಿ ಶಕ್ತಿ ಹಾಕಿ, ತುದಿಯಲ್ಲಿ ತಲುಪುವುದು ನಮ್ಮ ಪುಗಸಟ್ಟೆ ಬೆಳದಿಂಗಳಿಗೆ!

ಹಾಗೆಂದು ಹೂಲಿಯಲ್ಲಿ ಕತ್ತಲು ಬಲು ಸಾಧು ಎಂದೇನೂ ಅಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಯದಾದರೆ ರೈತ ನಡುರಾತ್ರಿ ಎದ್ದು ಮೋಟಾರು ಚಾಲೂ ಮಾಡಲು, ಕಬ್ಬಿಗೆ ನೀರು ತಿರುವಲು ಹೋಗಲೇಬೇಕು. ಅಲ್ಲಿ ಎದುರಾಗುವವರಿಗೆ “ಯಾರ್ರೀ ಅವರು?” ಎಂದು ಕೇಳಿ ಪ್ರಯೋಜನವಿಲ್ಲ. ಕೊಳಕಮಂಡಲ ಬದುವಿನ ಹಸಿಯಲ್ಲಿ ಮಣ್ಣಿನ ಬಣ್ಣದಲ್ಲೇ ಸುರುಳಿ ಸುತ್ತಿ ಬಿದ್ದಿರುತ್ತದೆ. ಮನುಷ್ಯ ಬಂದರೆ ನಾಗರದಂತೆ ಸರಿದು ಹೋಗುವ ಸೌಜನ್ಯ ಅದಕ್ಕಿಲ್ಲ. 2000ದಿಂದ 2019ರವರೆಗಿನ ಲೆಕ್ಕ ಹಾಕಿದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ, ಬಹುಪಾಲು ಹಳ್ಳಿಯವರು. ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕದಲ್ಲಿ ನಿಯಮವಾದದ್ದು 2024ರಲ್ಲಿ. ನಮ್ಮ ಕಡೆ ಬ್ಯಾಟರಿ ಕಾಪಾಡಬೇಕಾದದ್ದು ಮೊದಲು ಪಾದವನ್ನು, ಆಮೇಲೆ ಉಳಿದದ್ದನ್ನು. ಅದಕ್ಕೆ ಸಾವಿರ ಲ್ಯೂಮೆನ್ ಬೇಕಿಲ್ಲ. ಕಾಲ ಬುಡದಲ್ಲಿ ಅಗಲವಾಗಿ ಹರಡುವ ಬೆಳಕು, ಮೊಣಕಾಲಿನವರೆಗೆ ಬರುವ ಗಂಬೂಟು, ನೆಲ ಕುಟ್ಟಲು ಬಡಿಗೆ ಇದ್ದರೆ ಸಾಕು. ದೂರಕ್ಕೆ ಕೋಲಿನಂತೆ ಚುಚ್ಚುವ ಬೆಳಕು ಇಲ್ಲಿ ಕೆಲಸಕ್ಕೆ ಬಾರದು. ಆಚೆ ದಂಡೆಯ ಬೇವಿನಮರ ಚಂದ ಕಾಣುತ್ತದೆ, ಕಾಲಡಿಯ ಹಾವು ಕಾಣುವುದಿಲ್ಲ.

ಇಷ್ಟೆಲ್ಲ ತರ್ಕ ಮಾಡಿದರೂ ಆ ಕರಿ ಕೊಳವೆ ನನ್ನ ಜೇಬು ಸೇರಿಕೊಂಡಿತು. ಮರಳಿ ಕೊಡಹೋದರೆ ಅವಳು ತಗೊಳ್ಳಲಿಲ್ಲ, ತನ್ನ ಹತ್ತಿರ ಇನ್ನೊಂದಿದೆ ಎಂದಳು. ಇಟ್ಟುಕೊಳ್ಳುವುದಕ್ಕೂ ಶಿಸ್ತು ಬೇಕು ನೋಡಿ. ಒಳಗಿರುವುದು ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಉದ್ದದ ಲಿಥಿಯಂ ಸೆಲ್ಲು. ಬೆಕ್ಕಿನ ಚಿತ್ರವಿದ್ದ ಸೆಲ್ಲಿನಂತೆ ಬಿಸಿಲಿಗಿಟ್ಟರೆ ಅನಾಹುತ, ಬೀಗದ ಕೈಗಳ ಜೊತೆ ಬಿಡಿಯಾಗಿ ಜೇಬಿಗೆ ಹಾಕಿದರೂ ಅನಾಹುತ. ಜೇಬಿನೊಳಗೆ ತಾನಾಗಿ ಹೊತ್ತಿಕೊಂಡರೆ ಅಂಗಿ ಕಮರುವಷ್ಟು ಕಾವು, ಅದಕ್ಕೇ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಡಬೇಕು. ಬೇಕಾದಾಗ ಮತ್ತೆ ಬಿಗಿ ಮಾಡಬೇಕು. ಅಷ್ಟರೊಳಗೆ ಕಳ್ಳ ತಾಳ್ಮೆಯಿಂದ ನಿಂತಿರಬೇಕು.

ಆ ಸಲ ಅವಳನ್ನು ಕರೆದುಕೊಂಡು ಊರ ಗುಡಿಗಳಿಗೆ ಹೋದೆ. ಹೂಲಿಗೆ ಗುಡಿಗಳ ಬರ ಇಲ್ಲ: ಪಂಚಲಿಂಗೇಶ್ವರ, ತಾರಕೇಶ್ವರ, ಮದನೇಶ್ವರ, ಅಂಧಕೇಶ್ವರ. ಸೂರ್ಯನಾರಾಯಣನದೂ ಒಂದಿದೆ, ಅವನಿಗೂ ಅವಳು ಬ್ಯಾಟರಿ ಬಿಟ್ಟೇ ನೋಡಿದಳು, ಗಾದೆ ಮಾಡಿದವರು ಇಲ್ಲಿಗೆ ಬಂದಿರಲಿಕ್ಕಿಲ್ಲ. ಒಂದು ಹಾಳುಗುಡಿಯಲ್ಲಿ ಪೂರ್ತಿ ಬೆಳಕು ಬಿಟ್ಟದ್ದೇ ತಡ, ಬಾವಲಿಗಳು ನಮ್ಮ ತಲೆ ಸವರಿಕೊಂಡು ಹೊರಬಿದ್ದವು. ಸಾವಿರ ಮಹಾಜನರ ಅಗ್ರಹಾರವಾಗಿದ್ದ ಈ ಊರನ್ನು ಶಾಸನಗಳು ಪೂಲಿ ಎನ್ನುತ್ತವೆ ಎಂದು ಹೇಳುತ್ತ ಒಂದು ಶಾಸನದ ಕಲ್ಲಿನ ಮುಂದೆ ನಿಂತೆ. ಅವಳು ಟಾರ್ಚನ್ನು ನೇರ ಕಲ್ಲಿನ ಮುಖಕ್ಕೇ ಹಿಡಿದಳು. ಬಿಳಿಚಿಕೊಂಡ ಸಪಾಟು ಕಲ್ಲು, ಒಂದಕ್ಷರ ಕಾಣದು. “ಸವದು ಹೋಗೇತಿ ಬಿಡ ಮಾಮಾ” ಎಂದಳು. ನಾನು ಅವಳ ಕೈ ಹಿಡಿದು ಟಾರ್ಚನ್ನು ಕಲ್ಲಿನ ಬದಿಗೆ, ಹೆಚ್ಚುಕಡಿಮೆ ಕಲ್ಲಿಗೆ ಕೆನ್ನೆ ಹಚ್ಚಿಸಿದಂತೆ ಇಡಿಸಿದೆ. ಬೆಳಕು ಅಡ್ಡ ಹಾಯಿತು. ಕೊರೆದ ಗೀರುಗಳಲ್ಲಿ ನೆರಳು ತುಂಬಿ, ದುಂಡು ದುಂಡು ಹಳಗನ್ನಡದ ಅಕ್ಷರಗಳು ಸಾಲು ಸಾಲಾಗಿ ಎದ್ದವು. ಬೆಳಕನ್ನು ಒಂದು ಗೇಣು ಸರಿಸಿದರೆ ಇನ್ನೊಂದು ಗೇಣು ಅಕ್ಷರ. ಬಹಳ ಹೊತ್ತು ಹಾಗೇ ಸರಿಸುತ್ತ ಕೂತಳು. ಶಾಸನ ಓದುವವರಿಗೆ ಇದು ಹಳೆಯ ಉಪಾಯ. ಅಪ್ಪನ ಕೊಸರು ಬೆಳಕಿಗೂ ಆ ಅಕ್ಷರ ಏಳುತ್ತಿದ್ದವು.

ಟಾರ್ಚು ಈಗ ನನ್ನ ಬಳಿ ಇಲ್ಲ. ಕಾಕಾನ ಕೈ ಸೇರಿದೆ. ಗೋಂಜಾಳದ ಹೊಲಕ್ಕೆ ರಾತ್ರಿ ಕಾವಲು ಹೋಗುವ ಅವನು ಅದರ ಒಂದೊಂದೇ ಗುಣ ಪರೀಕ್ಷಿಸಿ, ಕಡೆಗೆ ಎಲ್ಲಕ್ಕಿಂತ ಸಣ್ಣ ಬೆಳಕಿನ ಹಂತ ಕಂಡುಹಿಡಿದ; ಒಂದು ಸಲ ಚಾರ್ಜ್ ಮಾಡಿದರೆ ಎಷ್ಟೋ ದಿನ ಬರುತ್ತದೆ. “ಇದು ನಮ್ಮ ಎರಡ ಸೆಲ್ಲಿಂದ್ರಂಗ ಐತಿ, ಇಷ್ಟಕ್ಕ ಇಷ್ಟ ರೊಕ್ಕ ಯಾಕ ಕೊಟ್ಟಳಪಾ ಹುಡುಗಿ?” ಎಂದು ಮರುಗಿದ. ಕುಣಿಯುವ ಬೆಳಕನ್ನು ಮಾತ್ರ ಕಾಡುಹಂದಿಗೆ ಮೀಸಲಿಟ್ಟ. ಮೊದಮೊದಲು ಹಿಂಡು ಹಿಂಡೇ ಪರಾರಿ. ಊರೆಲ್ಲ ಅದನ್ನು ನೋಡಲು ಬಂತು. ಮೊನ್ನೆ ಫೋನ್ ಮಾಡಿದಾಗ ಕೇಳಿದೆ.

“ಎಲ್ಲಿ ಹೋಗತಾವೋ? ರೂಢಿ ಆಗೇತಿ ಅವಕ್ಕ. ನಾನು ಬ್ಯಾಟ್ರಿ ಬಿಡತೇನಿ, ಅವು ತೆನಿ ಹುಡಕತಾವ. ತಂಗೀಗೆ ಕೇಳು, ಹಾರ್ನ್ ಇದ್ದದ್ದು ಸಿಗತೈತೇನು ಅಂತ.”